ಕೊಬ್ಬರಿ ಶೆಡ್ಡಿನ ಯೆಜ್ಡಿ

ನಿಮ್ಮ ಮನೆಯಲ್ಲಿ 16-17ರ ಹುಡುಗನಿದ್ದರೆ ಅವನು ಈಗಾಗಲೇ ಗಾಡಿ ಕೇಳಿರುತ್ತಾನೆ, ನೀವು ಬೇಡ ಎಂದಿರುತ್ತೀರಿ. ಊಟದ ಹೊತ್ತಿಗೆ ಮುಖ ಊದಿಸಿಕೊಂಡು ಕೂತಿರುತ್ತಾನೆ. ತಿಪಟೂರಿನ ನನ್ನ ಅಣ್ಣನ ಮನೆಯಲ್ಲಿ 2023ರಲ್ಲಿ ಇದೇ ನಡೆಯಿತು. ವ್ಯತ್ಯಾಸವಿಷ್ಟೆ: ಅವನ ಮಗ ಕೇಳಿದ್ದು ಬೈಕಲ್ಲ, ಯಾರೋ ಓಡಿಸಿ ಬಿಟ್ಟ ಒಂದು ಗೋ-ಕಾರ್ಟ್.

ನೀವು ನೋಡಿರದಿದ್ದರೆ ಹೇಳುತ್ತೇನೆ. ಗೋ-ಕಾರ್ಟ್ ಎಂದರೆ ನೆಲಕ್ಕೆ ಅಂಟಿದಂತೆ ಓಡುವ ನಾಲ್ಕು ಚಕ್ರದ ಪುಟ್ಟ ರೇಸ್ ಗಾಡಿ. 1956ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರ್ಟ್ ಇಂಗೆಲ್ಸ್ ಎಂಬಾತ ಹುಲ್ಲು ಕತ್ತರಿಸುವ ಯಂತ್ರದ ಎಂಜಿನ್ ಜೋಡಿಸಿ ಮೊದಲನೆಯದನ್ನು ಮಾಡಿದ. ಈಗ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹುಡುಗರೂ ಬೈಕಿನ ಎಂಜಿನ್ ಕೂರಿಸಿ ಸ್ಪರ್ಧೆಗೆಂದು ಮಾಡುತ್ತಾರೆ. ಆದರೆ ಅದಕ್ಕೆ ನೋಂದಣಿಯಿಲ್ಲ, ರಸ್ತೆಗೆ ಇಳಿಸುವಂತಿಲ್ಲ. ತಿಪಟೂರಿನಲ್ಲಿ ಎಲ್ಲಿ ಓಡಿಸುವುದು, ತೆಂಗಿನ ತೋಟದ ಬದುವಿನ ಮೇಲೆಯೇ?

ಅಣ್ಣ ಬೇಡ ಎನ್ನಲಿಲ್ಲ, ಮಾತನ್ನು ತಿರುಗಿಸಿದ. “ಹಳೇ ಬೈಕ್ ಒಂದು ತಗೊಳ್ಳೋಣ. ಬಿಚ್ಚೋದು, ಜೋಡಿಸೋದು ಎಲ್ಲ ನೀನೇ ಮಾಡು. 18 ತುಂಬೋವರೆಗೂ ಕೀಲಿ ಮಾತ್ರ ನನ್ನ ಹತ್ರ” ಎಂದ. ಹುಡುಗ ಒಪ್ಪಿದ. ನೀವೂ ಈ ಷರತ್ತನ್ನು ಸಡಿಲಿಸಬೇಡಿ. 16ಕ್ಕೆ ಸಿಗುವ ಲೈಸೆನ್ಸು 50 ಸಿಸಿ ಮೀರದ, ಗೇರಿಲ್ಲದ ಗಾಡಿಗೆ ಮಾತ್ರ. 2019ರ ತಿದ್ದುಪಡಿಯ ನಂತರ ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ಸಿಕ್ಕಿಬಿದ್ದರೆ ಪೋಷಕರಿಗೆ 25 ಸಾವಿರ ರೂಪಾಯಿ ದಂಡ, 3 ವರ್ಷದವರೆಗೆ ಜೈಲು. ಮಗನ ಮೇಲಿನ ಪ್ರೀತಿಗೆ ಅಷ್ಟು ದೂರ ಹೋಗಬೇಕಾಗಿಲ್ಲ.

ಯಾವ ಗಾಡಿ? ನಮ್ಮ ಕಡೆ ಹಳೆಯ ಗಾಡಿ ಎಂದರೆ ಮೊದಲು ನೆನಪಾಗುವುದು ಮೈಸೂರಿನ ಯೆಜ್ಡಿ. ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿ ಮೈಸೂರಿನ ಯಾದವಗಿರಿಯಲ್ಲಿ ಕಟ್ಟಿದ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ತಯಾರಿಸಿತು. ಮೊದಲು ಚೆಕ್ ದೇಶದ ಜಾವಾ ಹೆಸರಿನಲ್ಲಿ, 1973ರಿಂದ ಯೆಜ್ಡಿ ಎಂಬ ಹೆಸರಿನಲ್ಲಿ. 1996ರಲ್ಲಿ ಕಾರ್ಖಾನೆಗೆ ಬೀಗ ಬಿತ್ತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಬೇರೆ ಕಂಪನಿಯ ಕೈಯಲ್ಲಿ ಹೊಸದಾಗಿ ಬಂದವು, ಅವು ಬೇರೆಯೇ ಗಾಡಿಗಳು. ಹಳೆಯದಕ್ಕೆ ಎರಡು ಸೈಲೆನ್ಸರ್, ಒಂದೇ ಸಿಲಿಂಡರ್. ಗೇರ್ ಹಾಕುವ ಸನ್ನೆಯನ್ನೇ ಒಳಕ್ಕೊತ್ತಿ ಮೇಲೆ ತಿರುಗಿಸಿದರೆ ಅದೇ ಕಿಕ್ಕರ್. ಇದನ್ನು ಕಂಡುಹಿಡಿದವನ ಕೈಗೆ ಮುತ್ತಿಡಬೇಕು ಅನ್ನುತ್ತಾರೆ ಗ್ಯಾರೇಜಿನ ಉಸ್ತಾದ್.

ನಾಲ್ಕು ತಿಂಗಳು ಹುಡುಕಿದ ಮೇಲೆ ಸಿಕ್ಕಿದ್ದು ಚಿಕ್ಕನಾಯಕನಹಳ್ಳಿ ತಾಲೂಕಿನ ಒಂದು ತೋಟದ ಮನೆಯಲ್ಲಿ. ಉಂಡೆ ಕೊಬ್ಬರಿ ಮಾಡುವವರ ಶೆಡ್ಡು ನೀವು ನೋಡಿರುತ್ತೀರಿ. ಅಟ್ಟದ ಮೇಲೆ ಕಾಯಿ ಸುರಿದು ವರ್ಷದ ಹತ್ತಿರ ಹತ್ತಿರ ಹಾಗೇ ಬಿಡುತ್ತಾರೆ. ನೀರೆಲ್ಲ ಇಂಗಿ ಒಳಗಿನ ಗಿಟುಕು ಚಿಪ್ಪು ಬಿಟ್ಟು ಅಲ್ಲಾಡುವವರೆಗೂ ಯಾರೂ ಮುಟ್ಟುವುದಿಲ್ಲ. ಆ ಅಟ್ಟದ ಕೆಳಗೆ, ಸಿಪ್ಪೆಯ ರಾಶಿಗೆ ಒರಗಿಕೊಂಡು ರೋಡ್‌ಕಿಂಗ್ ನಿಂತಿತ್ತು. ತೀರಿಹೋದ ಯಜಮಾನರದು. ಅವರ ಮಗ 30 ಸಾವಿರ ಹೇಳಿದರು. ಅಣ್ಣ 20ಕ್ಕೆ ಇಳಿಸಬೇಕೆಂದು ದಾರಿಯುದ್ದಕ್ಕೂ ಲೆಕ್ಕ ಹಾಕಿಕೊಂಡೇ ಬಂದಿದ್ದ. ಆದರೆ ಆ ವರ್ಷ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಬಹಳ ಕೆಳಗೆ ಕುಸಿದಿತ್ತು. ಅವರು ಗಾಡಿ ಮಾರುತ್ತಿದ್ದುದೂ ಅದಕ್ಕೇ. ಅಣ್ಣ ಚೌಕಾಸಿಯ ಮಾತೇ ಎತ್ತದೆ ಹಣ ಎಣಿಸಿದ. ಹೊರಡುವಾಗ ಯಜಮಾನರ ಹೆಂಡತಿ, ವಯಸ್ಸಾದ ಅಜ್ಜಿ, ಬಾಗಿಲಿಗೆ ಬಂದು “ಗುಜ್ರಿಗೆ ಮಾತ್ರ ಹಾಕ್ಬ್ಯಾಡಿ ಕಣಪ್ಪ” ಎಂದರು.

ಇಲ್ಲಿ ನಿಂತು ಒಂದು ಮಾತು ಹೇಳಬೇಕು. ಹಳೆಯ ಗಾಡಿ ಕೊಳ್ಳುವವರು ಎಂಜಿನ್ ನೋಡುತ್ತಾರೆ, ಬಣ್ಣ ನೋಡುತ್ತಾರೆ, ಕಾಗದ ಕೊನೆಗೆ ಕೇಳುತ್ತಾರೆ. ಅದನ್ನು ತಿರುವುಮುರುವು ಮಾಡಿ. ಎಂಜಿನ್ ಕೆಟ್ಟಿದ್ದರೆ ಸರಿಮಾಡಬಹುದು, ಕಾಗದ ಕೆಟ್ಟಿದ್ದರೆ ನೀವು ಕೊಂಡದ್ದು ಗುಜರಿ, ಇಲ್ಲವೇ ಯಾರದೋ ಕಳುವಾದ ಮಾಲು. ಆರ್‌ಸಿ ಪುಸ್ತಕದ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿನದಕ್ಕೆ ತಾಳೆಯಾಗಬೇಕು. ಉಜ್ಜಿ ಮತ್ತೆ ಹೊಡೆದ ಗುರುತಿದ್ದರೆ ಸಲಾಂ ಹೇಳಿ ಎದ್ದು ಬನ್ನಿ. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಅದಕ್ಕೆ 31ನೇ ನಮೂನೆ. ಆಮೇಲೆ ನಿಮ್ಮ ಹೆಸರಿಗೆ, 29 ಮತ್ತು 30. ತುಂಬ ಹಳೆಯ ಆರ್‌ಸಿ ಕಂಪ್ಯೂಟರಿಗೆ ಏರಿರುವುದೇ ಇಲ್ಲ, ಅದನ್ನು ಏರಿಸಲು ಓಡಾಡಬೇಕು. 15 ವರ್ಷ ದಾಟಿದ ಗಾಡಿಯನ್ನು ಆರ್‌ಟಿಒ ಮುಂದೆ ನಿಲ್ಲಿಸಿ ಪರೀಕ್ಷೆ ಮಾಡಿಸಿದರೆ ನೋಂದಣಿ 5 ವರ್ಷಕ್ಕೆ ಮುಂದುವರಿಯುತ್ತದೆ. ಈ ಅಲೆದಾಟಕ್ಕೆ ಅಣ್ಣ ಮಗನನ್ನೇ ಕರೆದುಕೊಂಡು ಹೋಗುತ್ತಿದ್ದ. ಸರತಿಯಲ್ಲಿ ನಿಲ್ಲುವುದೂ ರಿಪೇರಿಯ ಭಾಗವೇ.

ಇನ್ನು ಎಂಜಿನ್. ವರ್ಷಗಟ್ಟಲೆ ನಿಂತ ಗಾಡಿಯ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿರುತ್ತದೆ. ಹುರುಪಿನಿಂದ ಕಿಕ್ ಹೊಡೆದರೆ ಏನಾದರೂ ಮುರಿಯುತ್ತದೆ. ಉಸ್ತಾದ್ ಹುಡುಗನಿಗೆ ಕಲಿಸಿದ ಮೊದಲ ಪಾಠ ಸುಮ್ಮನಿರುವುದು. ಪ್ಲಗ್ ಬಿಚ್ಚಿ ಆ ತೂತಿಗೆ ಡೀಸೆಲ್ ಸುರಿದು ನಾಲ್ಕು ದಿನ ಬಿಟ್ಟರು. ಐದನೇ ದಿನ ಕೈಯಿಂದ ತಿರುಗಿಸಿದಾಗ ಪಿಸ್ಟನ್ ಮಿಸುಕಿತು. ಸೈಲೆನ್ಸರಿನೊಳಗೆ ಇಲಿಗೂಡು, ಏರ್ ಫಿಲ್ಟರ್ ತುಂಬ ತೆಂಗಿನ ನಾರು, ಟ್ಯಾಂಕಿನ ತಳದಲ್ಲಿ ಹಿಡಿಯಷ್ಟು ತುಕ್ಕು. ಬಿಚ್ಚಿದ ಒಂದೊಂದು ನಟ್ಟನ್ನೂ ಹುಡುಗ ಅಮ್ಮಿಯ ಹಳೆಯ ಮಸಾಲೆ ಡಬ್ಬಿಗಳಲ್ಲಿ ಹಾಕಿ ಚೀಟಿ ಅಂಟಿಸಿದ. ಡಬ್ಬಿಗಳು ಅಡಿಗೆಮನೆಗೆ ವಾಪಸಾಗಲಿಲ್ಲ, ಅತ್ತಿಗೆ ಇವತ್ತಿಗೂ ಅದನ್ನು ಎತ್ತಿ ಆಡುತ್ತಾರೆ. ಸಿಗದ ಬಿಡಿಭಾಗಗಳಿಗೆ ಬೆಂಗಳೂರಿನ ಜೆ.ಸಿ. ರಸ್ತೆಗೆ ಮೂರು ಸಲ ರೈಲು ಹತ್ತಿದರು. ಆಯಿಲ್ ಸೀಲು, ಬೇರಿಂಗು, ರಬ್ಬರ್ ಪೈಪುಗಳನ್ನು ಚೆನ್ನಾಗಿ ಕಂಡರೂ ಬದಲಾಯಿಸಿಬಿಡಿ. ಈಗಿನ ಪೆಟ್ರೋಲಿನಲ್ಲಿ ಬೆರೆಯುವ ಎಥೆನಾಲ್ ಹಳೆಯ ರಬ್ಬರಿಗೆ ಆಗಿಬರುವುದಿಲ್ಲ, ತೇವವನ್ನೂ ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಒಂದು ದೊಡ್ಡ ಎಡವಟ್ಟು ಆಯಿತು, ತಪ್ಪು ಪೂರಾ ನನ್ನದು. ಯೆಜ್ಡಿ ಟೂ-ಸ್ಟ್ರೋಕ್ ಗಾಡಿ, ಪೆಟ್ರೋಲಿನ ಜೊತೆಗೇ ಲೀಟರಿಗೆ 30-40 ಮಿಲಿ ಆಯಿಲ್ ಬೆರೆಸಬೇಕು. ಕಾಗದವೆಲ್ಲ ಸರಿಯಾದ ಮೇಲೆ ಒಂದು ದಿನ ಸುತ್ತಿ ಬರುತ್ತೇನೆಂದು ಹೊರಟವನು ಬಂಕಿನಲ್ಲಿ ಬರೀ ಪೆಟ್ರೋಲ್ ಹಾಕಿಸಿಕೊಂಡೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಎಂಜಿನ್ ಜಾಮ್ ಆಗಿ ಹಿಂದಿನ ಚಕ್ರ ಕಿರುಗುಟ್ಟಿ ನಿಂತಿತು. ಬೀಳದೆ ಉಳಿದದ್ದು ದೇವರ ದಯೆ. ಬ್ಲಾಕನ್ನು ಮತ್ತೆ ಲೇತ್ ಅಂಗಡಿಗೆ ಕೊಟ್ಟು ಬೋರ್ ಮಾಡಿಸಬೇಕಾಯಿತು, ಪಿಸ್ಟನ್ ಹೊಸದು. “ಪರವಾಗಿಲ್ಲ ಚಾಚಾ” ಅಂದ ಹುಡುಗ, ಆಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಕೊಂಡ ಬೆಲೆಯ ಮೇಲೆ ಖರ್ಚಾದದ್ದು 46 ಸಾವಿರ. ಗಾಡಿ ನೋಡಿದ ಬೆಂಗಳೂರಿನವರೊಬ್ಬರು ಲಕ್ಷದ ಮೇಲೆ ಕೊಡುತ್ತೇನೆಂದರು. ಅಪ್ಪ ಮಗ ಇಬ್ಬರೂ ಒಪ್ಪಲಿಲ್ಲ. ಲಾಭಕ್ಕೆಂದು ಈ ಹವ್ಯಾಸಕ್ಕೆ ಇಳಿಯುವವರಿಗೆ ನನ್ನ ಸಲಹೆ, ಇಳಿಯಬೇಡಿ. ಎರಡು ವರ್ಷದ ಭಾನುವಾರಗಳಿಗೆ ಕೂಲಿ ಹಾಕಿದರೆ ಯಾವ ಲೆಕ್ಕವೂ ನಿಲ್ಲುವುದಿಲ್ಲ.

2025ರಲ್ಲಿ ಹುಡುಗನಿಗೆ 18 ತುಂಬಿ ಲೈಸೆನ್ಸು ಬಂತು. ಅವನು ಮೊದಲು ಹೊರಟದ್ದು ಆ ತೋಟದ ಮನೆಗೆ, ಹಿಂದಿನ ಸೀಟಿನಲ್ಲಿ ನಾನು. ಆ ಹೊತ್ತಿಗೆ ಕೊಬ್ಬರಿ ಕ್ವಿಂಟಾಲಿಗೆ 20 ಸಾವಿರ ದಾಟಿತ್ತು, ಮನೆಗೆ ಹೊಸ ಸುಣ್ಣ ಬಳಿದಿದ್ದರು. ಸದ್ದು ಕೇಳಿ ಅಜ್ಜಿ ಹೊರಗೆ ಬಂದರು. ಗಾಡಿಯ ಸುತ್ತ ಒಂದು ಸುತ್ತು ಬಂದು, ಟ್ಯಾಂಕ್ ಸವರಿ, ಹೊಳೆಯುವ ಹೊಸ ರೆಕ್ಸಿನ್ ಸೀಟಿನ ಮೇಲೆ ಕೈಯಿಟ್ಟು ಕೇಳಿದರು: “ಇದರ ಮೇಲೊಂದು ಹೊದಿಕೆ ಇತ್ತಲ್ಲ ಮಗಾ, ನನ್ನ ಸೀರೆ ಮಡಚಿ ಹೊಲ್ದಿದ್ದು?”

ನಮಗೆ ನೆನಪಿತ್ತು. ಇಲಿ ಕಡಿದ ಚಿಂದಿ ಎಂದು ಮೊದಲ ದಿನವೇ ಅದನ್ನು ಗ್ಯಾರೇಜಿನ ಮುಂದೆ ಎಸೆದಿದ್ದೆವು. ನಟ್ಟುಗಳಿಗೆಲ್ಲ ಡಬ್ಬಿಯಿತ್ತು, ಅದಕ್ಕಿರಲಿಲ್ಲ. ಹುಡುಗ ಸುಳ್ಳು ಹೇಳಲಿಲ್ಲ. “ಎಸೆದ್ಬಿಟ್ವಿ ಅಜ್ಜಿ, ಗೊತ್ತಾಗ್ಲಿಲ್ಲ” ಎಂದ.

“ಹೋಗ್ಲಿ ಬಿಡು” ಎಂದು ಅಜ್ಜಿ ಒಳಗೆ ಹೋದರು. ತುಸು ಹೊತ್ತಾಯಿತು. ಟೀ ಬಂತು, ಹೊರಡುವಾಗ ಒಂದು ಚೀಲ ಕಾಯಿಯೂ ಬಂತು. ಚೀಲದ ಮೇಲೆ ಮಡಚಿಟ್ಟ ಒಂದು ಹಳೆಯ ಹಸಿರು ಸೀರೆ ಇತ್ತು.