ಉಚಿತವಾದುದು

ಸಂಸ್ಕೃತದಲ್ಲಿ ‘ಉಚಿತ’ವೆಂದರೆ ಯೋಗ್ಯವಾದುದು, ಕನ್ನಡದಲ್ಲಿ ಅದು ಬಿಟ್ಟಿಯಾಗಿ ದೊರೆವುದೂ ಅಹುದು. ಎರಡೂ ಒಂದೆಡೆ ಸಿಕ್ಕುವುದು ವಿರಳ.

2025ರ ಅಕ್ಟೋಬರದಲ್ಲಿ ವಿಂಡೋಸ್ 10ಕ್ಕೆ ಸಾಮಾನ್ಯ ಪೋಷಣೆ ನಿಂತಿತಷ್ಟೆ. ಸವಣೂರಿನ ನಮ್ಮ ಮನೆಯ ಹಳೆಯ ಕಂಪ್ಯೂಟರನ್ನು ಟಿ.ವಿ.ಗೆ ಜೋಡಿಸಿ, ರಾತ್ರಿ ಎಲೆಯಡಿಕೆಯೊಡನೆ ಎಲ್ಲರೂ ಚಿತ್ರ ನೋಡುವಂತೆ ಮಾಡಬೇಕೆಂದೆವು. “ಅಜ್ಜಾ, ಲಿಬ್ರೆಇಲೆಕ್ ಹಾಕೋಣು” ಎಂದನು ಮೊಮ್ಮಗ. 2016ರಲ್ಲಿ ಓಪನ್‌ಇಲೆಕ್‌ನಿಂದ ಕವಲೊಡೆದ ಅದು ಕೋಡಿಯೆಂಬ ಚಿತ್ರಸಂಗೀತದ ತಂತ್ರಾಂಶವೊಂದನ್ನೇ ನಡೆಸುವಷ್ಟು ಹಗುರವಾದುದು. ಆದರೆ ಸ್ಥಾಪಿಸುವಾಗ ಡಿಸ್ಕಿನಲ್ಲಿದ್ದುದನ್ನೆಲ್ಲ ಅಳಿಸಿಬಿಡುವುದು! ನಮ್ಮ ಡಿಸ್ಕಿನಲ್ಲಿ ಸ್ವರ್ಗಸ್ಥಳಾದ ನಮ್ಮ ಗೃಹಿಣಿಯು ಹಾಡಿದ ಹಾಡುಗಳಿದ್ದವು, ಬೇರೆ ಪ್ರತಿಯಿರಲಿಲ್ಲ. ಮೊದಲು ಅವನ್ನು ಇನ್ನೊಂದು ಡಿಸ್ಕಿಗೆ ಇಳಿಸಿಕೊಂಡೆವು.

ಬಳಿಕ ಡೆಬಿಯನ್ನನ್ನು ಪೆನ್‌ಡ್ರೈವಿನಿಂದಲೇ ನಡೆಸಿ, ಟಿ.ವಿ.ಯಲ್ಲಿ ಶಬ್ದ ಬರುವುದೋ, ಕನ್ನಡದ ಹೆಸರುಗಳು ಚೌಕಗಳಾಗದೆ ಕಾಣುವವೋ ಎಂದು ಪರೀಕ್ಷಿಸಿದೆವು. ಪತ್ರ ಬರೆಯುವ ಚಾಳಿ ನಮಗಿನ್ನೂ ಇರುವುದರಿಂದ ಅದನ್ನೇ ಆರಿಸಿ, ಕೋಡಿಯನ್ನು ಅದರೊಳಗೆ ಹಾಕಿದೆವು. ಮೊದಲು ಹಚ್ಚಿದುದು ಆ ಹಾಡುಗಳನ್ನೇ. ಚಿತ್ರ ಮಾತ್ರ ನೋಡುವ ವಾಚಕರಿಗೆ ಲಿಬ್ರೆಇಲೆಕ್ ಸಾಕಾದೀತು.