ಹಾಲಿಗೆ ದೊರೆತ ದನಿ, ಕಡಲೆಕಾಯಿಗೆ ದೊರೆಯದ ದನಿ

ಮಧುಗಿರಿಯ ಏಕಶಿಲಾ ಬೆಟ್ಟದ ತಪ್ಪಲಿನಿಂದ ಶಿರಾ ಸೀಮೆಯನ್ನು ಹಾದು ಪಾವಗಡದ ಕೆಂಪು ನೆಲದವರೆಗೆ, ಮುಗಿಲನ್ನೇ ನಂಬಿ ಕಡಲೆಕಾಯಿ ಬಿತ್ತುವ ರೈತನಿಗೆ ಪರರಾಷ್ಟ್ರ ನೀತಿಯೆಂಬುದು ದೆಹಲಿಯ ರಾಜತಂತ್ರಜ್ಞರ ವ್ಯವಹಾರವೆಂದೇ ಬಹುಕಾಲ ತೋರಿದ್ದಿತು. ಆದರೆ ಆ ನೀತಿ ಅವನ ಕಣದವರೆಗೂ ಬಂದೇ ಬಂದಿತು. ಮುಕ್ತ ವಾಣಿಜ್ಯವೇ ಬಡತನಕ್ಕೆ ಮದ್ದೆಂದು ನಂಬಿದ ಅರ್ಥಶಾಸ್ತ್ರಜ್ಞರ ಮತವು ರಾಜಧಾನಿಯಲ್ಲಿ ಪ್ರಬಲವಾಗಿದ್ದ 1994ರಲ್ಲಿ ಪಾಮೋಲಿನ್ ಎಂಬ ತಾಳೆ ಎಣ್ಣೆಯ ಆಮದು ಖಾಸಗಿ ವರ್ತಕರಿಗೆ ಮುಕ್ತವಾಯಿತು, ಮೊದಲು ಶೇ. 65ರಷ್ಟಿದ್ದ ಸುಂಕ 1998ರ ವೇಳೆಗೆ ಶೇ. 15ಕ್ಕೆ ಇಳಿಯಿತು. ಚಳ್ಳಕೆರೆಯ ಎಣ್ಣೆ ಗಿರಣಿಗಳಿಗೆ ಕಾಯಿ ಒದಗಿಸುತ್ತಿದ್ದ ಈ ಸೀಮೆಯ ಬೆಳೆಗಾರ, ತಾನು ಕಂಡೇ ಅರಿಯದ ತಾಳೆಮರದೊಡನೆ ಬೆಲೆಯಲ್ಲಿ ಸೆಣಸಬೇಕಾಯಿತು.

ವಿರೋಧವೇ ಇರಲಿಲ್ಲವೆಂದಲ್ಲ. ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರ ನೇತೃತ್ವದ ರೈತಸಂಘವು ಗ್ಯಾಟ್ ವಾಣಿಜ್ಯ ಒಪ್ಪಂದದ ಕರಡಾದ ಡಂಕೆಲ್ ಪ್ರಸ್ತಾವದ ವಿರುದ್ಧ 1993ರ ಅಕ್ಟೋಬರ್ 2ರಂದು ಬೆಂಗಳೂರಿನಲ್ಲಿ ನೆರೆಸಿದ ಜನಸಾಗರವನ್ನು ಕಂಡವರು ಇಂದಿಗೂ ನೆನೆಯುತ್ತಾರೆ. ಆದರೂ ಒಪ್ಪಂದಕ್ಕೆ ಸಹಿ ಬಿದ್ದಿತು.

2019ರಲ್ಲಿ ಹಾಗಾಗಲಿಲ್ಲ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳೂ ಸೇರಿದ 16 ರಾಷ್ಟ್ರಗಳ ಆರ್‌ಸಿಇಪಿ ವಾಣಿಜ್ಯ ಒಪ್ಪಂದದಿಂದ ಅಗ್ಗದ ಹಾಲಿನ ಪುಡಿ ನುಗ್ಗೀತೆಂಬ ಭಯ ಹಬ್ಬಿದಾಗ, ಬಲಪಂಥದ ಸ್ವದೇಶಿ ಜಾಗರಣ ಮಂಚವೂ ಎಡಪಂಥದ ಕಿಸಾನ್ ಸಭೆಯೂ, ಮಿಕ್ಕೆಲ್ಲದರಲ್ಲಿ ಪರಸ್ಪರ ವಿಮುಖವಾಗಿದ್ದರೂ, ಇದೊಂದರಲ್ಲಿ ಏಕಕಂಠದಿಂದ ಬೇಡವೆಂದವು. ನವೆಂಬರ್ 4ರಂದು ಬ್ಯಾಂಕಾಕಿನಲ್ಲಿ ಭಾರತ ಹೊರಗುಳಿಯಿತು. ಕೊರಟಗೆರೆಯ ಹಳ್ಳಿಗಳಲ್ಲಿ ನಸುಕಿನಲ್ಲೇ ಕ್ಯಾನು ಹಿಡಿದು ಡೇರಿಯ ಮುಂದೆ ನಿಲ್ಲುವ ತಾಯಂದಿರನ್ನು ನೆನೆದು ನಾನು ಹರ್ಷಿಸಿದೆನು. ಆದರೆ ಆ ಹರ್ಷದೊಳಗೆ ಒಂದು ಕಳವಳವೂ ಉಳಿಯಿತು: ಸೈದ್ಧಾಂತಿಕ ಸಂಘಗಳು ತಮ್ಮ ತತ್ತ್ವಕ್ಕೆ ಒಪ್ಪಿದ್ದನ್ನು ಕಾಯುವುವೇ ಹೊರತು, ನಾಳೆ ಆ ತತ್ತ್ವ ಬೇರೆ ದಿಕ್ಕಿಗೆ ತಿರುಗಿದರೆ ನಮ್ಮ ಕೊಟ್ಟಿಗೆಯನ್ನು ಕಾಯುವ ಹೊಣೆ ಅವುಗಳಿಗಿಲ್ಲ. ಅಂದು ಹಾಲಿಗೆ ನಿಜವಾಗಿ ಬಲ ತಂದದ್ದು ಹಳ್ಳಿಯ ಸಂಘ, ತುಮಕೂರು ಹಾಲು ಒಕ್ಕೂಟ, ರಾಜ್ಯದ ಮಹಾಮಂಡಳ ಎಂದು ಮೆಟ್ಟಿಲುಮೆಟ್ಟಿಲಾಗಿ ಏರುವ ಸಹಕಾರದ ಸರಣಿಯೆಂದು ನನ್ನ ದೃಢವಾದ ನಂಬಿಕೆ. ಅಷ್ಟು ಗಟ್ಟಿಯಾದ ಸರಣಿ ಕಡಲೆಕಾಯಿಗೆ ಇರಲಿಲ್ಲ. ಅದನ್ನು ಬೆಳೆದವನು ಮಂಡಿಯ ಬಾಗಿಲಲ್ಲಿ ಒಬ್ಬಂಟಿಯಾಗಿ ನಿಂತಿದ್ದನು.

ನಮ್ಮ ಸಂವಿಧಾನದಲ್ಲಿ ಕೃಷಿ ರಾಜ್ಯಪಟ್ಟಿಗೆ ಸೇರಿದ ವಿಷಯ, ಪರದೇಶಗಳೊಡನೆ ಒಪ್ಪಂದ ಕೇಂದ್ರದ ಅಧಿಕಾರ. ಈ ಎರಡರ ನಡುವಿನ ಕಂದಕದಲ್ಲಿಯೇ ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಎಂಬ ನಮ್ಮ ನಾಲ್ಕು ತಾಲ್ಲೂಕುಗಳ ಮಾತು ಕಳೆದುಹೋಗುತ್ತಿದೆ. ಆದ್ದರಿಂದ ಹೊಲಕ್ಕೂ ಹಟ್ಟಿಗೂ ತಟ್ಟುವ ಯಾವ ಒಪ್ಪಂದವೇ ಆಗಲಿ, ಅದರ ಕರಡು ಮೊದಲು ವಿಧಾನಸಭೆಯಲ್ಲಿ ಚರ್ಚೆಗೆ ಬರಬೇಕು. ಸಹಿ ಬೀಳುವುದಕ್ಕೆ ಮುನ್ನ ಅದರ ಕನ್ನಡ ಪ್ರತಿ ಪಾವಗಡದ ಒಂದೊಂದು ಹಾಲಿನ ಸಂಘದ ಗೋಡೆಯ ಮೇಲೆಯೂ ಇರಬೇಕು.