ಕಡಲಿನ ಕಾವಲು ಯಾರ ಕೈಯಲ್ಲಿರಬೇಕು?

ಉಷ್ಣವಲಯದ ಸಮುದ್ರಗಳಲ್ಲಿ ಹವಳದ ದಿಬ್ಬಗಳು ಕ್ಷೀಣಿಸುತ್ತಿರುವ ಸಂಗತಿಯು ಈಗ ಲೋಕವಿದಿತವಾಗಿದೆ. ಅವುಗಳ ರಕ್ಷಣೆಗಾಗಿ ರಾಜಧಾನಿಗಳಲ್ಲಿ ಸಭೆಗಳು ಸೇರುತ್ತವೆ, ಠರಾವುಗಳು ಪಾಸಾಗುತ್ತವೆ, ಕಾಯಿದೆಗಳು ಹುಟ್ಟುತ್ತವೆ. ಆದರೆ ಆ ಕಾಯಿದೆಯನ್ನು ಕಡಲ ಕರೆಯಲ್ಲಿ ಹಗಲಿರುಳು ನಿಂತು ನಡೆಯಿಸತಕ್ಕವರು ಯಾರೆಂಬುದೇ ಮುಖ್ಯ ಪ್ರಶ್ನೆಯೆಂದು ನಮ್ಮ ಮತ. ಇದಕ್ಕೆ ಫಿಲಿಪೈನ್ಸ್ ದೇಶದ ಎರಡು ಸಣ್ಣ ದ್ವೀಪಗಳ ಚರಿತ್ರೆಯು ಸ್ಪಷ್ಟವಾದ ಉತ್ತರವನ್ನು ಕೊಡುತ್ತದೆ.

ಸೆಬು ದ್ವೀಪದ ದಕ್ಷಿಣ ತುದಿಗೆ ಸಮೀಪದಲ್ಲಿ ಸುಮಿಲಾನ್ ಎಂಬ ಕಿರುದ್ವೀಪವುಂಟು. ಸಿಲ್ಲಿಮನ್ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರಜ್ಞರಾಗಿದ್ದ ಏಂಜೆಲ್ ಅಲ್ಕಾಲಾರವರ ಪ್ರಯತ್ನದಿಂದ ೧೯೭೪ರಲ್ಲಿ ಅಲ್ಲಿಯ ದಿಬ್ಬದ ಒಂದು ಭಾಗದಲ್ಲಿ ಮೀನು ಹಿಡಿಯುವುದನ್ನು ನಿಷೇಧಿಸಲಾಯಿತು. ಹತ್ತು ವರ್ಷಗಳಲ್ಲಿ ಮೀನು ಸಮೃದ್ಧವಾಯಿತು. ಆದರೆ ಸ್ಥಳೀಯ ಆಡಳಿತದ ಬೆಂಬಲ ತಪ್ಪಿದುದರಿಂದ ೧೯೮೪ರಲ್ಲಿ ನಿಷೇಧವು ಮುರಿಯಿತು. ಮುಚ್ಚಿದ್ದ ಜಾಗವೂ ತೆರೆದ ಮೇಲೆ ಮೀನುಗಾರರಿಗೆ ಲಾಭವು ಹೆಚ್ಚಬೇಕಾಗಿತ್ತಲ್ಲವೆ? ಆದುದು ಅದಕ್ಕೆ ವಿಪರೀತ. ಅಲ್ಕಾಲಾರವರೂ ಗ್ಯಾರಿ ರಸ್‌ರವರೂ ೧೯೯೦ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಡೀ ದಿಬ್ಬದಲ್ಲಿ ಸಿಕ್ಕುತ್ತಿದ್ದ ಮೀನು ಅರ್ಧಕ್ಕಿಂತಲೂ ಹೆಚ್ಚಾಗಿ ಇಳಿದುಹೋಯಿತು.

ಇದರ ಕಾರಣವನ್ನು ರೈತನಿಗೆ ಹೇಳಿಕೊಡಬೇಕಾಗಿಲ್ಲ. ಮುಚ್ಚಿದ ಜಾಗದಲ್ಲಿ ಮೀನು ಬಹುಕಾಲ ಬದುಕಿ ಬಲಿಯುತ್ತದೆ. ಬಲಿತ ದೊಡ್ಡ ಮೀನು ಸಣ್ಣದಕ್ಕಿಂತ ಎಷ್ಟೋ ಪಾಲು ಹೆಚ್ಚು ಮೊಟ್ಟೆಯಿಡುತ್ತದೆ. ಹೆಚ್ಚಿದ ಸಂತತಿಯು ನೆರೆಯ ನೀರಿಗೆ ಹರಡುತ್ತದೆ. ಅಂಥ ಜಾಗವು ಕಣಜದಲ್ಲಿ ಎತ್ತಿಟ್ಟ ಬಿತ್ತನೆಯ ಬೀಜದಂತೆ. ಬೀಜವನ್ನು ಬೇಯಿಸಿ ಉಂಡವನಿಗೆ ಮರುವರ್ಷದ ಬೆಳೆಯೆಲ್ಲಿ?

ಸುಮಿಲಾನಿನ ನಿಷೇಧವು ನಿಂತುದು ಮೇಲಿನವರ ಅನುಗ್ರಹದ ಮೇಲೆ. ಅನುಗ್ರಹ ತೀರಿದಾಗ ನಿಷೇಧವೂ ತೀರಿತು. ಅಪೊ ಎಂಬ ಮತ್ತೊಂದು ದ್ವೀಪದಲ್ಲಿ ನಡೆದುದೇ ಬೇರೆ. ನೀಗ್ರೋಸ್ ದ್ವೀಪದ ಬಳಿಯಿರುವ ಈ ನೆಲದ ವಿಸ್ತೀರ್ಣ ಸುಮಾರು ೭೦ ಹೆಕ್ಟೇರು ಮಾತ್ರ. ಸಿಡಿಮದ್ದು, ವಿಷ, ಕಲ್ಲುಗಳಿಂದ ಹವಳವನ್ನು ಕುಟ್ಟಿ ಮೀನನ್ನು ಬಲೆಗೆ ಅಟ್ಟುವ ಪದ್ಧತಿ, ಇವುಗಳಿಂದ ಅಲ್ಲಿಯ ಕಡಲೂ ಬರಿದಾಗುತ್ತಲಿತ್ತು. ವಿಶ್ವವಿದ್ಯಾಲಯದವರು ಅಲ್ಲಿಗೆ ಹೋಗಿ ಆಜ್ಞೆ ಮಾಡಲಿಲ್ಲ. ಕೆಲವು ವರ್ಷ ಜನರೊಡನೆ ಕುಳಿತು ಮಾತನಾಡಿದರು. ೧೯೮೨ರಲ್ಲಿ ಕೆಲವೇ ಮನೆಗಳವರು ಒಪ್ಪಿ, ಸುಮಾರು ೪೫೦ ಮೀಟರು ಉದ್ದದ ದಿಬ್ಬವನ್ನು ಮುಚ್ಚಿದರು. ೧೯೮೫ರಲ್ಲಿ ಅದಕ್ಕೆ ಸ್ಥಳೀಯ ಶಾಸನದ ಬಲ ದೊರೆಯಿತು. ಕಾವಲಿಗೆ ನಿಂತವರು ಮೀನುಗಾರರೇ. ವರ್ಷಗಳು ಕಳೆದಂತೆ ದೊಡ್ಡ ಮೀನು ಮರಳಿದುವು. ಹೊರಗಣ ನೀರಿನಲ್ಲಿಯೂ ಗಾಳಕ್ಕೆ ಮೀನು ಸಿಕ್ಕತೊಡಗಿತು.

ಅಷ್ಟರಲ್ಲಿ ೧೯೯೪ರಲ್ಲಿ ಕೇಂದ್ರ ಸರಕಾರವು ಅಪೊವನ್ನು ರಾಷ್ಟ್ರೀಯ ಸಂರಕ್ಷಿತ ಪ್ರದೇಶವೆಂದು ಸಾರಿತು. ಆಡಳಿತವು ಊರ ಸಮಿತಿಯ ಕೈ ತಪ್ಪಿ, ಅಧಿಕಾರಿಗಳೂ ಕೂಡಿದ ಮಂಡಲಿಯೊಂದಕ್ಕೆ ಸೇರಿತು. ಪ್ರವಾಸಿಗಳಿಂದ ಬಂದ ಹಣವು ರಾಜಧಾನಿಯ ಬೊಕ್ಕಸಕ್ಕೆ ಹೋಗಿ ಅಲ್ಲಿಂದ ಮರಳತಕ್ಕದ್ದಾಯಿತು. ತಾವು ಕಟ್ಟಿದ ಮನೆಯಲ್ಲಿ ತಾವೇ ಒಕ್ಕಲಾದೆವೆಂದು ದ್ವೀಪದವರಿಗೆ ಅನ್ನಿಸಿದರೆ ಆಶ್ಚರ್ಯವೇನು? ಸರಕಾರದ ಉದ್ದೇಶವು ಒಳ್ಳೆಯದೇ ಇದ್ದಿರಬಹುದು. ಆದರೆ ಜನರ ಹಕ್ಕನ್ನು ಕಿತ್ತುಕೊಂಡು ಜನರ ಉತ್ಸಾಹವನ್ನು ಮಾತ್ರ ಉಳಿಸಿಕೊಳ್ಳುವ ವಿದ್ಯೆಯು ಯಾವ ಸರಕಾರಕ್ಕೂ ತಿಳಿಯದು.

ಊರ ಕಾವಲಿಗೂ ಮೀರಿದ ಅಪಾಯಗಳಿಲ್ಲವೆಂದು ನಾವು ಹೇಳುವುದಿಲ್ಲ. ೨೦೧೧ ಮತ್ತು ೨೦೧೨ರ ಡಿಸೆಂಬರ್ ತಿಂಗಳ ಚಂಡಮಾರುತಗಳು ಅಪೊವಿನ ಮುಚ್ಚಿದ ದಿಬ್ಬವನ್ನೇ ಪುಡಿಮಾಡಿದುವು. ಕಡಲ ಶಾಖವೇರಿದರೆ ಹವಳದ ಜೀವಿಯು ತನ್ನೊಳಗಿದ್ದು ತನಗೆ ಆಹಾರವೊದಗಿಸುವ ಪಾಚಿಯನ್ನು ಹೊರದೂಡಿ ಬಿಳುಪಾಗುತ್ತದೆ. ಶಾಖವು ಇಳಿಯದಿದ್ದರೆ ಸಾಯುತ್ತದೆ. ೨೦೨೩ರಲ್ಲಿ ತೊಡಗಿದ ಬಿಳಿಚುವಿಕೆಯು ಲೋಕದ ಹವಳ ಪ್ರದೇಶದ ಶೇಕಡ ೮೪ನ್ನು ಮುಟ್ಟಿತು. ಹೊಗೆಯುಗುಳಿ ಲೋಕವನ್ನು ಕಾಯಿಸಿದವರು ಐಶ್ವರ್ಯವಂತ ರಾಷ್ಟ್ರಗಳು. ಅದರ ದಂಡವನ್ನು ತೆರುವವನು ದೋಣಿಯ ಬಡವ. ಈ ಅನ್ಯಾಯಕ್ಕೆ ಆ ರಾಷ್ಟ್ರಗಳೇ ಉತ್ತರ ಹೇಳಬೇಕು.

ಈ ವಿಷಯವು ದೂರದ್ದೆಂದು ನಮ್ಮ ವಾಚಕರು ಉದಾಸೀನ ಮಾಡಲಾಗದು. ಲಕ್ಷದ್ವೀಪದ ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲಾತ್, ಬಿತ್ರಾ ದ್ವೀಪಗಳು ೧೯೫೬ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದುವು. ಅಲ್ಲಿಯ ತೆಂಗಿನ ನಾರು ಮಂಗಳೂರಿಗೆ ಬಂದು, ಇಲ್ಲಿಯ ಅಕ್ಕಿ ಅಲ್ಲಿಗೆ ಹೋಗುತ್ತಿತ್ತು. ಆ ದ್ವೀಪಸ್ತೋಮದ ನೆಲವೆಲ್ಲ ಹವಳದಿಂದಲೇ ಆದುದು. ಅಲೆಯ ಹೊಡೆತವನ್ನು ತಡೆಯುವುದೂ, ಗಾಳಕೋಲಿನ ಸೂರೆಮೀನಿಗೆ ಬೇಕಾದ ಎರೆಮೀನನ್ನು ಸಾಕುವುದೂ ಆ ದಿಬ್ಬಗಳೇ. ೧೯೯೮, ೨೦೧೦, ೨೦೧೬, ೨೦೨೪ರ ಕಡಲ ಶಾಖಗಳು ಅವನ್ನು ಒಂದರ ಮೇಲೊಂದರಂತೆ ಪೀಡಿಸಿವೆ.

ಅಲ್ಲಿ ರಕ್ಷಣೆಯ ಯೋಜನೆಯನ್ನಾಗಲಿ, ಪ್ರವಾಸೋದ್ಯಮದ ಯೋಜನೆಯನ್ನಾಗಲಿ ಬರೆಯತಕ್ಕ ಅಧಿಕಾರಿಗಳು ಮೊದಲು ದ್ವೀಪದ ಮೀನುಗಾರರನ್ನು ಕರೆದು ಕೇಳತಕ್ಕದ್ದು. ಯಾವ ನೀರನ್ನು ಮುಚ್ಚಬೇಕು, ಎಷ್ಟು ಕಾಲ ಮುಚ್ಚಬೇಕು, ತಪ್ಪಿದವನಿಗೆ ದಂಡವೇನು ಎಂಬುದನ್ನು ಅವರೇ ಸಭೆ ಸೇರಿ ಗೊತ್ತುಮಾಡಲಿ. ಶಾಸ್ತ್ರಜ್ಞರು ಜ್ಞಾನವನ್ನೂ ಸರಕಾರವು ಶಾಸನದ ಬಲವನ್ನೂ ಒದಗಿಸಲಿ. ಬಂದ ಆದಾಯವು ದ್ವೀಪದಲ್ಲಿಯೇ ಉಳಿಯಲಿ. ಸ್ವರಾಜ್ಯವೆಂಬುದು ದಿಲ್ಲಿಯಲ್ಲಿ ಮುಗಿಯತಕ್ಕ ವಸ್ತುವಲ್ಲ. ಕಡಲ ಕರೆಯ ಕಟ್ಟಕಡೆಯ ಗುಡಿಸಲಿಗೂ ಅದು ಮುಟ್ಟಬೇಕು. ಮುಟ್ಟಿದಲ್ಲಿ ಮೀನೂ ಉಳಿಯುತ್ತದೆ, ಮೀನುಗಾರನೂ ಉಳಿಯುತ್ತಾನೆ.